ಕ್ಲಾಸ್ ಚೇಂಜ್ ಟಿಕೆಟ್ ಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಗೇಮಿನ ಹೆಸರು ಬೇಡ ಬಿಡಿ, ಮೊಬೈಲಿನಲ್ಲಿ ತುಂಬಾ ಜನ ಒಟ್ಟಿಗೆ ಆಡುವ ಒಂದು ಎಂಎಂಒ. ಅದರಲ್ಲಿ ಪ್ರತಿ ಕ್ಯಾರೆಕ್ಟರಿಗೂ ಒಂದು ಕ್ಲಾಸ್, ಅಂದರೆ ಅದು ಮಾಡೋ ಕೆಲಸದ ಬಗೆ, ಇರುತ್ತೆ. ಎರಡು ವರ್ಷದಿಂದ ವಾರಿಯರ್ (ಕತ್ತಿ ಹಿಡಿದು ಹೊಡೆದಾಡೋನು) ಆಗಿ ಆಡುತ್ತಿದ್ದೆ. ನಮ್ಮ ಗಿಲ್ಡಿನ, ಅಂದರೆ ತಂಡದ, ಹೀಲರ್ (ಜೊತೆಯವರ ಗಾಯ ವಾಸಿ ಮಾಡೋನು) ಮದುವೆಯಾಗಿ ಆಟ ಬಿಟ್ಟ. ಆಮೇಲೆ ರಾತ್ರಿ ಒಂಬತ್ತರ ಬಾಸ್ (ದೊಡ್ಡ ಶತ್ರು) ಫೈಟಿನಲ್ಲಿ ದಿನಾ ಸಾಯೋದೇ ನಮ್ಮ ಕೆಲಸ ಆಯಿತು. "ಗುರೂ, ನೀನೇ ಹೀಲರ್ ಆಗ್ಬಿಡೋ, ಗೇಮಿನ ಅಂಗಡಿಯಲ್ಲಿ ಕ್ಲಾಸ್ ಬದಲಿಸೋ ಟಿಕೆಟ್ ಇದೆಯಲ್ಲ" ಅಂದ ಗಿಲ್ಡ್ ಲೀಡರ್. ಹೊಸ ಕ್ಯಾರೆಕ್ಟರ್ ಮಾಡಿ ಮೊದಲಿಂದ ಲೆವೆಲ್ ಏರಿಸೋಕೆ ಯಾರಿಗೆ ಪುರುಸೊತ್ತಿದೆ, ನಾನೂ ಹೂಂ ಅಂದೆ.

ಟಿಕೆಟ್ಟಿಗೆ 3,000 ಡೈಮಂಡ್, ಅಂದರೆ ದುಡ್ಡು ಕೊಟ್ಟು ಕೊಳ್ಳೋ ಗೇಮಿನ ನಾಣ್ಯ. ಮಾರೋ ಪ್ಯಾಕುಗಳು 980, 1,980, 3,280. ಮೊದಲೆರಡನ್ನೂ ಕೂಡಿಸಿದರೆ 2,960, ಬರೀ 40 ಕಡಿಮೆ! ಬೇಕಂತಲೇ ಹಾಗೆ ಇಟ್ಟಿರುತ್ತಾರೆ. ದೊಡ್ಡದನ್ನೇ ತಗೊಂಡೆ, ಯುಪಿಐನಲ್ಲಿ 4,500 ರೂಪಾಯಿ ಹೋಯಿತು.

ಈಗ ನನ್ನ ದಡ್ಡತನ ಕೇಳಿ. ಟಿಕೆಟ್ ಒತ್ತಿದಾಗ ಒಂದು ಕಿಟಕಿ ತೆರೆಯಿತು, ಅದರ ಕೆಳಗೆ ಸಣ್ಣ ಬೂದು ಅಕ್ಷರದಲ್ಲಿ "ಧರಿಸಿರುವ ವಸ್ತುಗಳು ಮಾತ್ರ ಬದಲಾಗುತ್ತವೆ" ಅನ್ನೋ ಅರ್ಥದ ಒಂದು ಇಂಗ್ಲಿಷ್ ಸಾಲು ಇತ್ತು. ಓದಿದೆ, ಓದಿಯೂ ತಲೆಗೆ ಹೋಗಲಿಲ್ಲ. ಅವತ್ತು ಸಂಜೆ ಬೆಂಕಿ ಬಾಸ್ ಹೊಡೆಯೋಕೆ ಅಂತ ಹಳೇ +7 ಕತ್ತಿ (ಅಂಕಿ ಹೆಚ್ಚಾದಷ್ಟೂ ಬಲ ಹೆಚ್ಚು) ಹಾಕಿಕೊಂಡಿದ್ದೆ, ಎರಡು ವರ್ಷ ಬಲ ಹೆಚ್ಚಿಸೋ ಕಲ್ಲು ಕೂಡಿಟ್ಟು, ಹತ್ತು ಸಲ ಫೇಲ್ ಆಗಿ ಮಾಡಿದ +18 ಕತ್ತಿ ವೇರ್‌ಹೌಸಿನಲ್ಲಿ ಇತ್ತು. ಒಪ್ಪಿಗೆ ಒತ್ತಿದೆ. +7 ಕತ್ತಿ ಹೋಗಿ ಹೀಲರ್ ಹಿಡಿಯೋ +7 ದಂಡ (ಕೋಲು) ಬಂತು. +18 ಕತ್ತಿ ಕತ್ತಿಯಾಗಿಯೇ ಉಳಿಯಿತು, ಮೇಲೆ ಕೆಂಪಕ್ಷರದಲ್ಲಿ "ನಿಮ್ಮ ಕ್ಲಾಸ್ ಬಳಸುವಂತಿಲ್ಲ". ಮಾರೋಣ ಅಂದರೆ ಅದು ಬೌಂಡ್ ಐಟಂ, ಮಾರೋಕಾಗಲ್ಲ.

ಸ್ಕಿಲ್ ಪುಸ್ತಕಗಳೂ ಹೋದವು. ರಕ್ಷಾಕವಚ ಬದಲಾಗಿದೆ, ಆದರೆ ಅದರಲ್ಲಿ ಕೂರಿಸಿದ ಕಲ್ಲುಗಳೆಲ್ಲ ಹೊಡೆಯೋ ಶಕ್ತಿಯವು, ಹೀಲರ್‌ಗೆ ಏನೂ ಪ್ರಯೋಜನ ಇಲ್ಲ. ವಾಪಸ್ ವಾರಿಯರ್ ಆಗಬೇಕಾದರೆ 30 ದಿನ ಕಾಯಬೇಕು, ಮತ್ತೆ ಇನ್ನೊಂದು ಟಿಕೆಟ್.

ಸಪೋರ್ಟಿಗೆ ಬರೆದು ಎರಡು ದಿನ ಕಾದೆ. "ಬಳಸಿದ ವಸ್ತುವಿಗೆ ರೀಫಂಡ್ ಇಲ್ಲ" ಅಂತ ಉತ್ತರ ಬಂತು. ಆಮೇಲೆ ಗೂಗಲ್ ಪ್ಲೇಗೆ ಹೋದರೆ ಅಲ್ಲಿ ಸಾಮಾನ್ಯವಾಗಿ 48 ಗಂಟೆಯೊಳಗೆ ಕೇಳಬೇಕು, ಅದು ದಾಟಿದರೆ ಗೇಮಿನವರನ್ನೇ ಕೇಳಿ ಅನ್ನುತ್ತಾರೆ. ಅವರು ಆಗಲೇ ಇಲ್ಲ ಅಂದಾಗಿತ್ತು. ಹಾಗಾಗಿ ಏನಾದರೂ ಎಡವಟ್ಟಾದರೆ ಮೊದಲು ಪ್ಲೇ ಸ್ಟೋರಿನಲ್ಲಿ ಕೇಳಿ, ಸಪೋರ್ಟ್ ಜೊತೆ ಮಾತುಕತೆ ಆಮೇಲೆ. ಸಿಕ್ಕೇಬಿಡುತ್ತೆ ಅಂತ ಅಲ್ಲ, ಸಮಯ ಮಾತ್ರ ಕೈತಪ್ಪಲ್ಲ. ಬ್ಯಾಂಕಿನಲ್ಲಿ ದೂರು ಕೊಟ್ಟು ದುಡ್ಡು ಎಳೆದುಕೊಳ್ಳಿ ಅಂತ ಒಬ್ಬ ಹೇಳಿದ, ನಾನು ಹೋಗಲಿಲ್ಲ. ಎಷ್ಟೋ ಗೇಮುಗಳಲ್ಲಿ ಹಾಗೆ ಮಾಡಿದರೆ ಅಕೌಂಟೇ ಲಾಕ್ ಆಗುತ್ತೆ.

ಇದೇ ಬಗೆಯ ಹಳೇ ಗೇಮು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಿಂದ ನಡೀತಿದೆ. ಅವರು ಹೆಸರು, ರೇಸ್ (ಕ್ಯಾರೆಕ್ಟರಿನ ಜನಾಂಗ), ಫ್ಯಾಕ್ಷನ್ (ಬಣ) ಬದಲಿಸೋಕೆ ದುಡ್ಡು ತಗೋತಾರೆ, 2014ರಲ್ಲಿ ಲೆವೆಲ್ ಬೂಸ್ಟನ್ನೂ (ಒಮ್ಮೆಲೇ ಲೆವೆಲ್ ಏರಿಸೋದು) 60 ಡಾಲರಿಗೆ ಮಾರೋಕೆ ಶುರು ಮಾಡಿದರು, ಆದರೆ ಕ್ಲಾಸ್ ಬದಲಾವಣೆ ಮಾತ್ರ ಮಾರಲ್ಲ. ಯಾಕೆ ಅಂತ ನನಗೆ ಈಗ ಅರ್ಥ ಆಗ್ತಿದೆ: ಆಯುಧ, ಕವಚ, ಸ್ಕಿಲ್ಲು, ಕಲ್ಲು ಎಲ್ಲ ಕ್ಲಾಸಿಗೇ ಅಂಟಿಕೊಂಡಿರುತ್ತೆ, ಅಲ್ವಾ? ಫೈನಲ್ ಫ್ಯಾಂಟಸಿ 14 ಅನ್ನೋ ಇನ್ನೊಂದು ಗೇಮಿನಲ್ಲಿ ಒಂದೇ ಕ್ಯಾರೆಕ್ಟರ್ ಎಲ್ಲ ಜಾಬುಗಳನ್ನೂ (ಅಲ್ಲಿನ ಕ್ಲಾಸುಗಳು) ಕಲಿಯಬಹುದು, ಆಯುಧ ಬದಲಿಸಿದರೆ ಸಾಕು, ಈ ರಗಳೆಯೇ ಇಲ್ಲ.

ಇಷ್ಟಾದರೂ ಕೊಳ್ಳಲೇಬೇಕು ಅಂದರೆ ಮೊದಲು ಒಂದು ಹೊಸ ಹೀಲರ್ ಕ್ಯಾರೆಕ್ಟರ್ ಮಾಡಿ ಒಂದು ವಾರ ಸುಮ್ನೆ ಆಡಿ ನೋಡಿ, ಖರ್ಚಿಲ್ಲ. ಇಷ್ಟವಾದರೆ ಟಿಕೆಟ್ ಒತ್ತೋ ಮುಂಚೆ ವೇರ್‌ಹೌಸ್ ತೆರೆದು, ಇರೋದರಲ್ಲಿ ಒಳ್ಳೆಯದನ್ನೆಲ್ಲ ಮೈಮೇಲೆ ಹಾಕಿಕೊಳ್ಳಿ, ಆ ಬೂದು ಅಕ್ಷರದ ಕಿಟಕಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ನನ್ನ 30 ದಿನದಲ್ಲಿ ಇನ್ನೂ 19 ಉಳಿದಿದೆ. ಅಲ್ಲಿಯವರೆಗೆ +7 ದಂಡ ಹಿಡಿದು ಹೀಲ್ ಮಾಡ್ತಿದ್ದೇನೆ, ಬಾಸ್ ಇನ್ನೂ ಸತ್ತಿಲ್ಲ.