ಸಾಲು ಮರೆತ ಎಲ್ಲಾ, ಹಾಡು ಕೆಡಿಸಿಕೊಂಡ ಸಾರಾ

ಅಮೆರಿಕದ ಜಾಸ್ ಸಂಗೀತ ಕೇಳುವವರು ನಾಲ್ಕು ಜನ ಸೇರಿದರೆ, ಗಾಯಕಿಯರಲ್ಲಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಹೆಚ್ಚೋ ಸಾರಾ ವಾನ್ ಹೆಚ್ಚೋ ಅನ್ನೋ ಜಗಳ ಬಂದೇ ಬರುತ್ತದೆ. ಸ್ಟುಡಿಯೋ ಹಾಡು ಇಟ್ಟುಕೊಂಡು ಅದು ಬಗೆಹರಿಯಲ್ಲ, ಅಲ್ಲಿ ತಪ್ಪಿದ್ದನ್ನು ಮತ್ತೆ ಹಾಡಬಹುದು. ಅದಕ್ಕೇ ಇಬ್ಬರ ಒಂದೊಂದು ಲೈವ್ ಆಲ್ಬಮ್ ಹಿಡಿದು, ವಾರವಿಡೀ ರಾತ್ರಿ ಹೆಡ್‌ಫೋನ್ ಹಾಕಿ ಒಂದರ ಹಿಂದೆ ಒಂದು ಕೇಳಿದೆ. ಎರಡರಲ್ಲೂ ಗಾಯಕಿ ಎಡವುತ್ತಾರೆ. ಮಜಾ ಇರುವುದೇ ಅಲ್ಲಿ.

ಎಲ್ಲಾ ಅವರದು 1960ರ ಫೆಬ್ರವರಿ, ಬರ್ಲಿನ್. ದೊಡ್ಡ ಸಭಾಂಗಣ. 'ಮ್ಯಾಕ್ ದ ನೈಫ್' ಶುರು ಮಾಡುವ ಮುಂಚೆಯೇ ಸಾಲುಗಳು ನೆನಪಿದ್ದರೆ ಸಾಕಪ್ಪ ಅನ್ನೋ ಹಾಗೆ ಮಾತಾಡುತ್ತಾರೆ. ಹೆಸರು ಎಲ್ಲಾ, ಆದರೆ ಸಾಲು ಎಲ್ಲಾ ನೆನಪಿಲ್ಲ! ನಡುವೆ ಮಾತು ಕೈಕೊಡುತ್ತದೆ, ತಾಳ ಮಾತ್ರ ಕೂದಲೆಳೆಯಷ್ಟೂ ಅಲುಗಾಡಲ್ಲ. ಮರೆತದ್ದನ್ನೇ ಹಾಡು ಕಟ್ಟಿ ಹಾಡುತ್ತಾರೆ. ಆಮೇಲೆ ಜಾಸ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಗೊಗ್ಗರು ದನಿಯ ಮಿಮಿಕ್ರಿ ಬೇರೆ. ಈ ಹಾಡಿಗೇ ಗ್ರ್ಯಾಮಿ ಬಂತು.

ಸಾರಾ ಅವರದು 1957ರ ಆಗಸ್ಟ್, ಶಿಕಾಗೋದ ಮಿಸ್ಟರ್ ಕೆಲ್ಲಿಸ್ ಕ್ಲಬ್. ಪಿಯಾನೋ, ಬಾಸ್, ಡ್ರಮ್ಸ್, ಅಷ್ಟೇ. 'ವಿಲೋ ವೀಪ್ ಫಾರ್ ಮಿ' ನಿಧಾನದ, ಅಳುವ ಹಾಡು. ನಡುವೆ ಎಡವಟ್ಟಾಗಿ ನಗು ಬಂದುಬಿಡುತ್ತದೆ. ಹಾಡು ಕೆಡಿಸಿದೆ ಅನ್ನೋದನ್ನೂ ಅದೇ ರಾಗದಲ್ಲಿ ಹಾಡಿ ಮುಗಿಸುತ್ತಾರೆ.

'ಹೌ ಹೈ ದ ಮೂನ್' ಎರಡೂ ಆಲ್ಬಮ್‌ನಲ್ಲಿದೆ, ಹೋಲಿಕೆಗೆ ಹೇಳಿ ಮಾಡಿಸಿದ ಹಾಗೆ. ಎಲ್ಲಾ ಅವರು ಸುಮಾರು 7 ನಿಮಿಷ ಎಳೆದು, ಅರ್ಥವಿಲ್ಲದ ಅಕ್ಷರಗಳಲ್ಲೇ ಹಾಡುವ ಸ್ಕ್ಯಾಟ್‌ನಲ್ಲಿ ಊರೆಲ್ಲಾ ಸುತ್ತಿಸಿ ತರುತ್ತಾರೆ. ಕೇಳಿ ನನಗೇ ಉಸಿರು ಕಟ್ಟಿತು. ಸಾರಾ ಅವರಿಗೆ ಇಲ್ಲೂ ಸಾಲು ಸರಿಯಾಗಿ ಬರಲ್ಲ. ಏನು ಮಾಡುತ್ತಾರೆ ಗೊತ್ತಾ? ಎಲ್ಲಾ ಫಿಟ್ಜ್‌ಜೆರಾಲ್ಡ್ ಅವರ ಹೆಸರನ್ನೇ ಹಾಡಿನೊಳಗೆ ಎಳೆದು ತರುತ್ತಾರೆ! ನಾವು ಇಲ್ಲಿ ಸುಮ್ನೆ ಕಿತ್ತಾಡುತ್ತೇವೆ, ಅಲ್ವಾ?

ಇನ್ನೊಬ್ಬ ದೊಡ್ಡ ಜಾಸ್ ಗಾಯಕಿ ಬಿಲ್ಲಿ ಹಾಲಿಡೇ ಯಾಕಿಲ್ಲ ಅಂತ ಕೇಳಬೇಡಿ. ಅವರನ್ನು ನೋಡಬೇಕು. 1957ರ ಡಿಸೆಂಬರ್‌ನ ಟಿವಿ ಕಾರ್ಯಕ್ರಮದಲ್ಲಿ ಲೆಸ್ಟರ್ ಯಂಗ್ ಸ್ಯಾಕ್ಸೊಫೋನ್ ನುಡಿಸುವಾಗ ಬಿಲ್ಲಿ ಅವರ ಮುಖ ನೋಡಿ, ಸಾಕು.

ಜಾಸ್ ಹೊಸದಾಗಿ ಕೇಳುವವರಿಗೆ ಕಣ್ಣು ಮುಚ್ಚಿ ಬರ್ಲಿನ್ ಕೊಡುತ್ತೇನೆ. ಅಲ್ಲಿ ಬೇಜಾರಾಗುವ ಒಂದು ಕ್ಷಣವೂ ಇಲ್ಲ. ಆದರೆ ಎಲ್ಲಾ ಅವರು ಬಿದ್ದರೂ ಬೆಕ್ಕಿನ ಹಾಗೆ ಕಾಲ ಮೇಲೇ ನಿಲ್ಲುತ್ತಾರೆ, ಅದು ಗೊತ್ತಾದ ಮೇಲೆ ಭಯವೇ ಇರಲ್ಲ. ಸಾರಾ ನಿಜವಾಗಿ ಬೀಳುತ್ತಾರೆ. ಏಳನೇ ರಾತ್ರಿ ನಾನು ಬರ್ಲಿನ್ ಹಾಕಲೇ ಇಲ್ಲ. 'ವಿಲೋ'ದ ಆ ನಗು ಬರುವ ಜಾಗಕ್ಕೆ ಮೂರು ಸಲ ಹಿಂದೆ ಹೋದೆ.