ಹಳೇ ಜಾಡಿಗೆ ಉಪ್ಪಿನಕಾಯಿ ಹಾಕುವ ಮುಂಚೆ ಇದನ್ನು ಓದಿ

ಮಲೆನಾಡಿನ ಹಳೇ ಮನೆಗಳಿಂದ ಬರುವ ಜಾಡಿ, ಭರಣಿಗಳನ್ನು ಈಗ ತುಂಬಾ ಜನ ಆಸೆಪಟ್ಟು ಕೊಳ್ಳುತ್ತಿದ್ದಾರೆ. ನಾನೂ ಕೊಂಡೆ. ಅದರಿಂದ ಅಮ್ಮ ಎರಡು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ದಯವಿಟ್ಟು ಪೂರ್ತಿ ಓದಿ.

ಮಾರ್ಚ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹೋಗಿದ್ದೆವು. ಹಳೇ ಸಾಮಾನು ಮಾರುವ ಒಬ್ಬರ ಹತ್ತಿರ ಮೊಣಕಾಲೆತ್ತರದ ಕಂದು ಜಾಡಿ ಸಿಕ್ಕಿತು. ಅಗಲ ಬಾಯಿ, ಎರಡು ಕಿವಿ. "ಚೀನಾದ್ದು, ನೂರು ವರ್ಷ ಆಗಿದೆ, ತುಪ್ಪ ಇಡ್ತಿದ್ರು" ಅಂದರು. ಮೂರೂವರೆ ಸಾವಿರ ಕೊಟ್ಟೆ. ಕತ್ತಿನ ಒಳಗೆ ಬಿಳಿ ಪಕ್ಕು ಕಟ್ಟಿತ್ತು. ಉಪ್ಪೇ ಇರಬೇಕು, ಅಂದ್ರೆ ಇದು ಉಪ್ಪಿನಕಾಯಿ ಜಾಡಿ ಅಂದುಕೊಂಡೆ. ಸೋಪು ಹಾಕಿ ಉಜ್ಜಿದೆ, ಕುದಿನೀರು ಹುಯ್ದೆ, ಎರಡು ದಿನ ಬಿಸಿಲಿಗಿಟ್ಟೆ.

ಆಮೇಲೆ ಅಪ್ಪೆಮಿಡಿ, ಕಲ್ಲುಪ್ಪು, ಮತ್ತೆ ಮಿಡಿ, ಮತ್ತೆ ಉಪ್ಪು. ಮೂರು ವಾರಕ್ಕೆ ಬಾಯಿ ಬಿಚ್ಚಿದೆವು. ಉಪ್ಪಿಗೆ ಬಿದ್ದ ಮಿಡಿ ಚಿರುಟಿ, ಬಣ್ಣ ಮಾಸಬೇಕು, ಅಲ್ವಾ? ನಮ್ಮದು ಚಿರುಟಿತ್ತು, ಆದರೆ ಈಗ ತಾನೆ ಮರದಿಂದ ಕಿತ್ತ ಹಾಗೆ ಹಸಿರೋ ಹಸಿರು. ಅಮ್ಮ ಹಿಗ್ಗಿಬಿಟ್ಟರು. "ಹಳೇ ಜಾಡಿಯ ಗುಣ ನೋಡು" ಅಂದರು. ಎರಡು ಮಿಡಿ ತೆಗೆದು, ಮೇಲಿಂದ ಒಂದು ಚಮಚ ಉಪ್ಪುನೀರೂ ಬಿಟ್ಟುಕೊಂಡು ಗಂಜಿಗೆ ನೆಂಚಿಕೊಂಡರು. ಬಾಯೆಲ್ಲ ಕಿಲುಬು ಕಿಲುಬು ಅಂದರು. ಅರ್ಧ ಗಂಟೆಗೆ ವಾಂತಿ ಶುರುವಾಯಿತು. ರಾತ್ರಿಯೆಲ್ಲ ನಿಲ್ಲಲಿಲ್ಲ.

ಆ ಹಸಿರೇ ಗುರುತಾಗಿತ್ತು. ತಾಮ್ರ ಸೇರಿದರೆ ಕಾಯಿಯ ಹಸಿರು ಮಾಸುವುದಿಲ್ಲ.

ಕಂಡುಹಿಡಿದಿದ್ದು ನನ್ನ ಸೋದರಮಾವ. ಅವರದ್ದು ಅಡಿಕೆ ತೋಟ. ಜಾಡಿಯೊಳಗೆ ಟಾರ್ಚ್ ಬಿಟ್ಟು ನೋಡಿದವರು ಸುಮ್ನೆ ಎದ್ದು ಹೋಗಿ ಹಳೇ ಕಬ್ಬಿಣದ ಚಾಕು ತಂದರು. ಕಲ್ಲಿಗೆ ಉಜ್ಜಿ ಫಳಫಳ ಮಾಡಿ, ಆ ಉಪ್ಪುನೀರಿನಲ್ಲಿ ಅದ್ದಿಟ್ಟರು. ಹತ್ತು ನಿಮಿಷಕ್ಕೆ ಚಾಕುವಿನ ಮೇಲೆ ತೆಳ್ಳಗೆ ಕೆಂಪು ತಾಮ್ರ ಕೂತಿತ್ತು. "ಇದು ಮೈಲುತುತ್ತಿನ ಜಾಡಿ" ಅಂದರು. ಮೈಲುತುತ್ತು ಅಂದರೆ ಕಾಪರ್ ಸಲ್ಫೇಟ್, ತಾಮ್ರದ ನೀಲಿ ಲವಣ. ತೋಟದಲ್ಲಿ ಅಡಿಕೆಗೆ ಹೊಡೆಯುವ ಔಷಧಿಗೆ ಸುಣ್ಣ ಸಾಲದಾಗಿದೆಯಾ ಅಂತ ನೋಡುವುದೂ ಹೀಗೇ ಅಂತೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ರೂಢಿಗೆ ತಂದಿದ್ದು 1910ರ ಸುಮಾರಿಗೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತು ಕಬ್ಬಿಣವನ್ನು ತಿಂದುಹಾಕುತ್ತದೆ, ತಗಡಿನ ಡಬ್ಬದಲ್ಲಿ ಕರಗಿಸುವ ಹಾಗಿಲ್ಲ. ಪ್ಲಾಸ್ಟಿಕ್ ಡ್ರಮ್ ಬರುವ ಮುಂಚೆ ಮರದ ಪೀಪಾಯಿ, ಮಣ್ಣಿನ ಪಾತ್ರೆ, ಇಂಥ ಜಾಡಿಗಳೇ ಗತಿ. ನಮ್ಮ ಜಾಡಿಯ ಬಿಳಿ ಪಕ್ಕು ಉಪ್ಪಲ್ಲ, ಸುಣ್ಣ. ತಳದ ಹೊಳಪಿನ ಲೇಪದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳಿದ್ದವು, ಒಂದೊಂದರ ಒಳಗೂ ನೀಲಿ-ಹಸಿರು ಗೆರೆ. ಮಳೆಗಾಲ ಮಳೆಗಾಲ ಹೀರಿದ ಮೈಲುತುತ್ತು ಒಳಗಿನ ಮಣ್ಣಿನಲ್ಲೇ ಕೂತಿತ್ತು. ಸೋಪಿಗೆ, ಬಿಸಿಲಿಗೆ ಅದು ಹೋಗುವುದಿಲ್ಲ. ಮಿಡಿಯ ಹುಳಿ ಮತ್ತು ಉಪ್ಪು ಅದನ್ನು ಎಳೆದು ಹೊರಗೆ ಹಾಕಿತು. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಹುಳಿ ಇಡಬಾರದು ಅಂತ ನಮಗೆಲ್ಲ ಗೊತ್ತು. ಜಾಡಿಯೊಳಗೇ ತಾಮ್ರ ಇರಬಹುದು ಅಂತ ಹೊಳೆಯಲಿಲ್ಲ.

ಮಾರುವವರು "ಎಲ್ಲಿಯದು" ಅಂತ ಹೇಳುವ ಮಾತಿಗೂ ಒಳಗೆ ಏನಿತ್ತು ಅನ್ನುವುದಕ್ಕೂ ಸಂಬಂಧವೇ ಇಲ್ಲ. ಹಿಂದಿ, ಮರಾಠಿಯಲ್ಲಿ ಇಂಥ ಜಾಡಿಗೆ ಮರ್ತಬಾನ್ ಅಂತಾರೆ. ಅದು ಬರ್ಮಾದ ಬಂದರಿನ ಹೆಸರು. ಅಲ್ಲಿಂದ ಹಡಗು ಹತ್ತಿದ್ದಕ್ಕೆಲ್ಲ ಅದೇ ಹೆಸರು ಬಿತ್ತು, ಜಾಡಿ ಸುಟ್ಟ ಗೂಡು ಎಲ್ಲಿಯದಾದರೂ ಆಗಿರಬಹುದು. ಹಾಗೇ, ಸುರಿಯಲು ತುಟಿ ಇರುವ, ಡೆನ್ಬಿ (ಇಂಗ್ಲೆಂಡಿನ ಜಾಡಿ ಕಾರ್ಖಾನೆ) ಅಂತ ಒತ್ತಿದ ಕಂದು ಬಾಟಲಿಯನ್ನು ನನಗೆ ಬ್ರಾಂದಿ ಬಾಟಲಿ ಅಂತ ತೋರಿಸಿದ್ದಾರೆ. ಅದರ ಮೇಲೇ ಅರ್ನಾಲ್ಡ್, ಲಂಡನ್ ಅಂತಲೂ ಇತ್ತು. ಅವರು ಶಾಯಿ ಮಾಡುತ್ತಿದ್ದವರು.

ಕೊಳ್ಳಲೇಬೇಕು ಅಂದರೆ ತಳ ತಿರುಗಿಸಿ. ಹೊಳಪಿಲ್ಲದ ಜಾಗಕ್ಕೆ ಒಂದು ಹನಿ ನೀರು ಬಿಡಿ. ಹೀರಿಕೊಂಡರೆ ಅದು ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣು, ಹಿಂದೆ ಹಾಕಿದ್ದನ್ನೂ ಹೀರಿರುತ್ತದೆ. ಅಂಥದ್ದರ ಹೊಳಪಿನಲ್ಲಿ ಸೀಸವೂ ಇರಬಹುದು, ಸೀಸಕ್ಕೆ ಕಿಲುಬು ರುಚಿಯೂ ಇಲ್ಲ. ಬಿಳಿ ಪಕ್ಕು ಇದ್ದರೆ ನಿಂಬೆರಸ ಹಾಕಿ ನೋಡಿ, ನೊರೆ ಬಂದರೆ ಸುಣ್ಣ. ಒಳಗೆ ಬಿರುಕು ಕಂಡರೆ ಅಡುಗೆಮನೆಗೆ ತರಲೇಬೇಡಿ. ಚಾಕು ಕೆಂಪಾಗಲಿಲ್ಲ ಅಂತ ಧೈರ್ಯ ಮಾಡಬೇಡಿ, ಬೇರೆ ವಿಷ ಅದಕ್ಕೆ ಸಿಗುವುದಿಲ್ಲ.

ಅಮ್ಮ ಈಗ ಹುಷಾರಾಗಿದ್ದಾರೆ. ಜಾಡಿಯ ತಳಕ್ಕೆ ತೂತು ಕೊರೆಸಿ, ಮೇಲೆ ಪೇಂಟಿನಲ್ಲಿ "ವಿಷ" ಅಂತ ಬರೆದಿಟ್ಟಿದ್ದೇನೆ. ಮಾರಿದವರಿಗೆ ಫೋನ್ ಮಾಡಿದೆ. ಅದೇ ಮನೆಯಿಂದ ಬಂದ ಇನ್ನೆರಡು ಜಾಡಿ ಮಾರಿ ಆಗಿದೆ, ಯಾರಿಗೆ ಅಂತ ನೆನಪಿಲ್ಲ ಅಂದರು. ಮೊಣಕಾಲೆತ್ತರ, ಕಂದು ಬಣ್ಣ, ಎರಡು ಕಿವಿ, ಕತ್ತಿನೊಳಗೆ ಬಿಳಿ ಪಕ್ಕು. ಈ ವರ್ಷ ಸಾಗರದ ಕಡೆ ಅಂಥದ್ದು ಕೊಂಡಿದ್ದರೆ ಒಳಗಿರುವುದನ್ನು ಯಾರಿಗೂ ಬಡಿಸಬೇಡಿ. ಇವತ್ತೇ ಟಾರ್ಚ್ ಬಿಟ್ಟು ತಳ ನೋಡಿ.