ಸೊಪ್ಪು ಗುರುತಿಸಲು ಪ್ಲಾಂಟ್‌ನೆಟ್: ಎಷ್ಟು ನಂಬಬಹುದು?

ಪ್ಲಾಂಟ್‌ನೆಟ್ ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಸೇರಿ ಮಾಡಿದ ಗಿಡ ಗುರುತಿಸುವ ಆ್ಯಪ್. 2013ರಿಂದ ಇದೆ, ಉಚಿತ. ದಾರಿಬದಿಯ ಗಿಡದ ಹೆಸರು ತಿಳಿದರೆ ಸಾಕು ಎನ್ನುವವರು ಐದಕ್ಕೆ ನಾಲ್ಕು ಅಂಕ ಕೊಡಬಹುದು. ಬೆರಕೆ ಸೊಪ್ಪಿನ ಉಪ್ಪುಸಾರಿಗೆ ಮಡಿಲು ಕಟ್ಟಿಕೊಂಡು ಹೊರಟವರಿಗೆ ಎರಡೂವರೆ. ತಿನ್ನುವ ಸೊಪ್ಪನ್ನು ಖಚಿತ ಮಾಡುವ ಹಾಲು, ವಾಸನೆ, ಕಡ್ಡಿಯ ಟೊಳ್ಳು ಇವು ಯಾವುವೂ ಫೋಟೋದಲ್ಲಿ ಬೀಳುವುದಿಲ್ಲ.

ಬಳಸುವ ಕ್ರಮ ಸರಿಯಿದ್ದರೆ ಉತ್ತರವೂ ಸುಧಾರಿಸುತ್ತದೆ. ಒಂದೇ ಎಲೆಯ ಫೋಟೋ ಹಾಕಿ ಹೆಸರು ಕೇಳಬೇಡಿ. ಎಲೆ, ಹೂ, ಕಾಯಿ, ಕಾಂಡ, ಹೀಗೆ ಒಂದೇ ಗಿಡದ ಮೂರ್ನಾಲ್ಕು ಫೋಟೋ ಸೇರಿಸಿ, ಯಾವುದು ಯಾವ ಭಾಗ ಎಂದು ಗುರುತು ಹಾಕಿ. ಒಂದೇ ತೊಟ್ಟಿನಲ್ಲಿ ಹಲವು ಚಿಕ್ಕೆಲೆ ಇರುವ ಸಂಯುಕ್ತ ಎಲೆಯಾದರೆ ಒಂದು ಚಿಕ್ಕೆಲೆಯನ್ನಲ್ಲ, ಕಾಂಡಕ್ಕೆ ಅಂಟಿದ ಬುಡದಿಂದ ತುದಿಯವರೆಗೆ ಇಡೀ ಎಲೆ ಬರಬೇಕು. ಹಿಂದೆ ಬೇರೆ ಗಿಡ ಕಾಣದಂತೆ ಅಂಗೈಯನ್ನೋ ಬಿಳಿ ಹಾಳೆಯನ್ನೋ ಹಿಡಿಯಿರಿ. ಘಟ್ಟದಲ್ಲಿ ಸಿಗ್ನಲ್ ಇಲ್ಲದಿದ್ದರೂ ಚಿಂತೆಯಿಲ್ಲ, ಕ್ಯಾಮೆರಾದಲ್ಲಿ ತೆಗೆದಿಟ್ಟು ಮನೆಗೆ ಬಂದು ಹಾಕಬಹುದು. ಲ್ಯಾಟಿನ್ ಹೆಸರಿನ ಜೊತೆ ಬರುವ ಶೇಕಡಾವಾರು ಅಂಕಿಯನ್ನು ಮಾತ್ರ ತಪ್ಪು ತಿಳಿಯಬಾರದು. ಅದು ಚಿತ್ರ ಎಷ್ಟು ಹೋಲುತ್ತದೆ ಎಂಬ ಲೆಕ್ಕ, ತಿನ್ನಬಹುದೇ ಎಂಬುದಕ್ಕೆ ಉತ್ತರವಲ್ಲ. ಮೊದಲ ಎರಡು ಹೆಸರುಗಳ ಅಂಕಿ ಹತ್ತಿರ ಹತ್ತಿರ ಇದ್ದರೆ ಗಿಡ ಗೊತ್ತಾಗಿಲ್ಲ ಎಂದೇ ಅರ್ಥ.

ದೊಡ್ಡ ತೊಡಕು ಇನ್ನೊಂದಿದೆ. ಸೊಪ್ಪು ಕೊಯ್ಯುವುದು ಎಳತರಲ್ಲಿ, ಆ್ಯಪ್ ಚೆನ್ನಾಗಿ ಹಿಡಿಯುವುದು ಹೂ ಬಿಟ್ಟಾಗ. ಆರಿದ್ರಾ ಮಳೆಗೆ ರಸ್ತೆಬದಿ ಎದ್ದು ಬರುವ ತಗಚೆಯನ್ನೇ ತೆಗೆದುಕೊಳ್ಳಿ. ತುಳುವರು ತಜಂಕ್ ಎನ್ನುವ ಇದೇ ಸೊಪ್ಪು ಕರಾವಳಿಯಲ್ಲಿ ಪಲ್ಯವಾಗುತ್ತದೆ. ಅದರ ಪಕ್ಕದಲ್ಲೇ ದೊಡ್ಡ ತಗಚೆಯೂ ಹುಟ್ಟುತ್ತದೆ. ಎರಡರ ಹೂವೂ ಹಳದಿ, ಎರಡೂ ಸೆನ್ನಾ ಕುಲದವೇ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ದೊಡ್ಡ ತಗಚೆಯ ಬೀಜ ತಿಂದು ಮಕ್ಕಳು ಸತ್ತದ್ದು ವೈದ್ಯಕೀಯ ದಾಖಲೆಯಲ್ಲಿದೆ. ಆ್ಯಪ್ 'ಸೆನ್ನಾ' ಎಂದೊಡನೆ ಬುಟ್ಟಿಗೆ ತುಂಬುವ ಹಾಗಿಲ್ಲ, ಎಲೆಯನ್ನು ಕಣ್ಣ ಹತ್ತಿರ ಹಿಡಿದು ನೋಡಲೇಬೇಕು. ತಗಚೆಯಲ್ಲಿ ಸಾಮಾನ್ಯವಾಗಿ ಮೂರೇ ಜೋಡಿ ಚಿಕ್ಕೆಲೆ, ತುದಿ ಅಗಲ, ಮೊಂಡು. ಕೆಳಗಿನ ಜೋಡಿಗಳ ನಡುವೆ ದಂಟಿನ ಮೇಲೆ ಸಣ್ಣ ಕಡ್ಡಿಯಂಥ ಗ್ರಂಥಿ ನಿಂತಿರುತ್ತದೆ. ದೊಡ್ಡ ತಗಚೆಯಲ್ಲಿ ನಾಲ್ಕೈದು ಜೋಡಿ, ತುದಿ ಚೂಪು; ಗ್ರಂಥಿ ಇರುವುದು ತೊಟ್ಟಿನ ಬುಡದಲ್ಲಿ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಜೇಬಿನಲ್ಲಿದ್ದರೆ ಇದು ಅರೆ ನಿಮಿಷದ ಕೆಲಸ. ಗ್ರಂಥಿ ಕಾಣಿಸದಿದ್ದರೆ ಆ ಗಿಡ ಬಿಟ್ಟುಬಿಡಿ.

ಹೊಸಬರಿಗೆ ಒಂದು ಉಪಾಯ: ಗುಂಪಿನಲ್ಲಿ ಎರಡು ಗಿಡ ಕೊಯ್ಯದೆ ಬಿಟ್ಟು, ದಾರ ಕಟ್ಟಿ, ಹೂ ಕಾಯಿ ಬಂದಾಗ ಮತ್ತೆ ಫೋಟೋ ಹಾಕಿ. ಮುಂದಿನ ಮಳೆಗಾಲಕ್ಕೆ ಎಳೆಗಿಡವೂ ಕಣ್ಣಿಗೆ ಪರಿಚಯವಾಗಿರುತ್ತದೆ.

ಗೋಣಿಸೊಪ್ಪಿಗೆ ಇಷ್ಟು ಪಾಡಿಲ್ಲ. ಕಡ್ಡಿ ಮುರಿಯಿರಿ. ನೀರು ಬಂದರೆ ಉಳಿದ ಗುರುತು ನೋಡಿ, ಬಿಳಿ ಹಾಲು ಬಂದರೆ ಅದು ನೆಲಕ್ಕಂಟಿ ಹರಡುವ ಹಾಲುಗಿಡ, ಎಸೆಯಿರಿ. ಒಂದೆಲಗದ ತೊಟ್ಟು ಎಲೆಯ ಅಂಚಿನ ಸೀಳಿಗೆ ಸೇರುತ್ತದೆ. ಎಲೆಯ ನಟ್ಟನಡುವೆ ಸೇರಿದ್ದರೆ ಅದು ಅಲಂಕಾರಕ್ಕೆ ಕುಂಡದಲ್ಲಿ ಬೆಳೆಸುವ ಬೇರೆ ಗಿಡ. ಹೊನಗೊನ್ನೆಯ ಬಿಳಿ ಹೂಗುಚ್ಛ ಎಲೆಯ ಕಂಕುಳಲ್ಲೇ ಕೂತಿರುತ್ತದೆ. ಗುಚ್ಛಕ್ಕೆ ಉದ್ದ ತೊಟ್ಟಿದ್ದು ಕಾಂಡ ಟೊಳ್ಳಾಗಿದ್ದರೆ ಅದು ಕೆರೆ ತುಂಬುವ ಅಲಿಗೇಟರ್ ಕಳೆ. ಚರಂಡಿ ನೀರು ಸೇರುವ ಕೆರೆಯಂಚಿನದ್ದಾದರೆ ಯಾವ ಸೊಪ್ಪೂ ಬೇಡ. ಸೊಪ್ಪಿನೊಳಕ್ಕೆ ಏರಿದ ಭಾರಲೋಹ ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಈ ಎಚ್ಚರಿಕೆಯನ್ನು ಯಾವ ಫೋಟೋವೂ ಕೊಡದು.

ಮದ್ದಿನ ಗಿಡಗಳಲ್ಲಿ ಇನ್ನೂ ಬಿಗಿಯಾಗಿರಬೇಕು. ಅಮೃತಬಳ್ಳಿಯ ಹೃದಯಾಕಾರದ ಎಲೆಯನ್ನಷ್ಟೇ ತೋರಿಸಿದರೆ ಅದರ ದಾಯಾದಿ ಟಿನೋಸ್ಪೊರಾ ಕ್ರಿಸ್ಪಾವನ್ನು ಬೇರ್ಪಡಿಸುವುದು ಕಷ್ಟ. ಬಳ್ಳಿಯ ಕಾಂಡ ಸವರಿ ನೋಡಿ. ಕ್ರಿಸ್ಪಾದ ಮೈತುಂಬ ನರೂಲಿಯಂಥ ಗಂಟು, ಅಮೃತಬಳ್ಳಿಯ ತೊಗಟೆ ತೆಳು ಕಾಗದದಂತೆ ಸುಲಿದು ಬರುತ್ತದೆ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿನ ತೊಂದರೆ ಕಂಡದ್ದನ್ನು ವರದಿ ಮಾಡಿದಾಗ ಆಯುಷ್ ಸಚಿವಾಲಯ ಎತ್ತಿದ್ದೂ ಈ ಗುರುತಿನ ಪ್ರಶ್ನೆಯನ್ನೇ. ಯಕೃತ್ತಿನ ಕಾಯಿಲೆ ಇರುವವರು ಸರಿಯಾದ ಬಳ್ಳಿಯೇ ಆದರೂ ವೈದ್ಯರನ್ನು ಕೇಳದೆ ಕಷಾಯ ಕುಡಿಯಬಾರದು.

ಆ್ಯಪ್ ಕೊಟ್ಟ ಲ್ಯಾಟಿನ್ ಹೆಸರನ್ನು ಭಾರತೀಯ ವಿಜ್ಞಾನ ಸಂಸ್ಥೆಯ 'ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ'ದಲ್ಲಿ ಹುಡುಕುವುದು ಒಳ್ಳೆಯ ಅಭ್ಯಾಸ. ಆ ಗಿಡ ನಮ್ಮ ರಾಜ್ಯದಲ್ಲಿ ದಾಖಲಾಗಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ.

ಅಣಬೆಗೆ ಪ್ಲಾಂಟ್‌ನೆಟ್ ಇಲ್ಲವೇ ಇಲ್ಲ, ಅದು ಗಿಡಗಳಿಗೆ ಮಾತ್ರ. ಇದನ್ನು ನಾನು ಕೊರತೆ ಎನ್ನುವುದಿಲ್ಲ. ಅಣಬೆಯ ಮೇಲ್ಭಾಗದ ಫೋಟೋ ನೋಡಿ ಹೆಸರು ಹೇಳುವ ಆ್ಯಪ್‌ಗಳಿಗಿಂತ ಇದೇ ವಾಸಿ. ಹುತ್ತದ ಅಣಬೆಯನ್ನು ಕಿತ್ತು ತೆಗೆಯಬೇಡಿ, ಚಾಕುವಿನಿಂದ ಬುಡದ ಮಣ್ಣು ಬಿಡಿಸಿ. ಬೇರಿನಂಥ ಉದ್ದ ಬಾಲ ಗೆದ್ದಲಗೂಡಿನ ಕಡೆಗೆ ಇಳಿದಿರಬೇಕು. ಬುಡದಲ್ಲಿ ಚೀಲದಂಥ ಪೊರೆ ಸಿಕ್ಕರೆ ಅದು ಅಮಾನಿಟಾ ಎಂಬ ವಿಷದ ಅಣಬೆ ಇರಬಹುದು. ಮೇಲಿಂದಲೇ ಮುರಿದುಕೊಂಡರೆ ಆ ಪೊರೆ ಮಣ್ಣಿನಲ್ಲೇ ಉಳಿಯುತ್ತದೆ. ಆಮೇಲೆ ಕೊಡೆಯನ್ನು ಕತ್ತರಿಸಿ, ಪದರದ ಕಡೆ ಕೆಳಗಾಗಿ, ಅರ್ಧ ಬಿಳಿ ಅರ್ಧ ಕಪ್ಪು ಹಾಳೆಯ ಮೇಲಿಟ್ಟು ಬಟ್ಟಲು ಕವುಚಿ. ಆರರಿಂದ ಹನ್ನೆರಡು ಗಂಟೆಯಲ್ಲಿ ಬೀಜಕದ ಪುಡಿ ಉದುರಿರುತ್ತದೆ. ಹುತ್ತದ ಅಣಬೆಯದು ನಸುಗುಲಾಬಿ. ಹಸಿರು ಛಾಯೆ ಬಂದರೆ ಹುಲ್ಲುಹಾಸಿನಲ್ಲಿ ಏಳುವ, ಹೊಟ್ಟೆ ಕೆಡಿಸುವ ಕ್ಲೋರೋಫಿಲಮ್. ಅಚ್ಚ ಬಿಳಿಯಾದರೂ ಅಡುಗೆಮನೆಗೆ ತರಬೇಡಿ. ಬಣ್ಣ ಸರಿಯಿದ್ದರೂ ಮೊದಲ ಸಲ ಆ ಊರಿನಲ್ಲಿ ವರ್ಷವರ್ಷ ಅಣಬೆ ಕೊಯ್ಯುವವರ ಕೈಗೆ ಕೊಟ್ಟು ತೋರಿಸಿ. ಬೆಳ್ಳುಳ್ಳಿ ಕಪ್ಪಾಗುತ್ತದೆಯೇ, ಬೆಳ್ಳಿ ಮಸಕಾಗುತ್ತದೆಯೇ ಎಂಬ ಪರೀಕ್ಷೆಗಳಿಗೆ ಬುಡವಿಲ್ಲ. ಅಮಾನಿಟಾದ ವಿಷ ಕುದಿಸಿದರೂ ಸಾಯದು. ವಾಂತಿ ಭೇದಿ ಶುರುವಾಗುವುದೇ ಆರು ಗಂಟೆ ಕಳೆದ ಮೇಲೆ, ನಡುವೆ ಚೇತರಿಸಿದಂತೆ ಕಂಡು ಆಮೇಲೆ ಯಕೃತ್ತು ಕೈಕೊಡುತ್ತದೆ. ಬೇಯಿಸುವ ಮುನ್ನ ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ, ಆಸ್ಪತ್ರೆಗೆ ಓಡುವ ಹೊತ್ತು ಬಂದರೆ ವೈದ್ಯರಿಗೆ ತೋರಿಸಲು ಬೇಕಾಗುತ್ತದೆ.